ಕಾಳಿನ ಹಾಲಿನ ಡಬ್ಬಿ

ಗಿರಿಜಾ, ನಿನ್ನ ಡಬ್ಬಿಗೆ ಹಾಲಿನ ಪುಡಿ ಬೆರೆಸಿದವಳು ನಾನು. ಬೇರೆ ಯಾರೂ ಅಲ್ಲ. ಗೊತ್ತಿಲ್ಲದೆ ಆದದ್ದೂ ಅಲ್ಲ. ನಿನಗೆ ಹಾಲು ಒಗ್ಗುವುದಿಲ್ಲ ಎಂದು ಗೊತ್ತಿದ್ದು, ಕುಡಿದರೆ ಏನಾಗುತ್ತದೆ ಎಂದೂ ಗೊತ್ತಿದ್ದು ಬೆರೆಸಿದೆ. ಆಮೇಲೆ ಮನೆಮಂದಿಯ ಮುಂದೆ ನಿಂತು ನಿನ್ನನ್ನು ಸುಳ್ಳಿ ಮಾಡಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ದಾರಿಯಲ್ಲೆಲ್ಲೋ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ — ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದಲ್ಲಿ ನಮ್ಮದು ಬಟ್ಟೆ ಅಂಗಡಿಯ ಮನೆ, ನಾನು ಹಿರಿಸೊಸೆ. ನೀನು ಸೊರಬದ ಕಡೆಯಿಂದ, ಗುಡವಿಯ ಹತ್ತಿರದ ಹಳ್ಳಿಯಿಂದ, ನನ್ನ ಮೈದುನನ ಕೈಹಿಡಿದು ಬಂದವಳು. ನಮ್ಮ ಅತ್ತೆಯ ಪದ್ಧತಿಯನ್ನು ನೀನು ಮರೆತಿರಲಾರೆ. ಸಂಜೆ ಲಿಂಗಪೂಜೆ ಮುಗಿಸಿ, ನೈವೇದ್ಯದ ಬಿಸಿ ಹಾಲನ್ನು ಬಟ್ಟಲುಗಳಿಗೆ ಸುರಿದು ಒಬ್ಬೊಬ್ಬರ ಕೈಗೆ ಕೊಡುತ್ತಿದ್ದರು. ಅದು ಪ್ರಸಾದ. ಬೇಡ ಅನ್ನುವಂತಿಲ್ಲ, ತಳದಲ್ಲಿ ಹನಿ ಬಿಡುವಂತಿಲ್ಲ, ಅವರ ಎದುರಿಗೇ ಕುಡಿದು ಮುಗಿಸಬೇಕು.

ಬಂದ ಮೊದಲ ವಾರವೇ ನೀನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನನಗೆ ಸಣ್ಣಂದಿನಿಂದ ಹಾಲು ಆಗುವುದಿಲ್ಲ ಎಂದೆ. ಎಷ್ಟು ಸಲೀಸಾಗಿ ಅಂದೆ ಮಾರಾಯ್ತಿ! ಆ ಮನೆಯಲ್ಲಿ ಆ ಮಾತನ್ನು ಹಾಗೆ ಬಾಯಿಬಿಟ್ಟು ಹೇಳಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಮೈದುನ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕೆಲವರಿಗೆ ಹೀಗಿರುತ್ತದೆ, ಸೋಯಾ ಕಾಳಿನಿಂದ ಮಾಡಿದ ಪುಡಿ ಸಿಗುತ್ತದೆ, ಅದನ್ನು ಕೊಡಿ ಎಂದರಂತೆ. ಅಂಗಡಿಗೆ ಮಾಲು ತರಲು ದಾವಣಗೆರೆಗೆ ಹೋದಾಗ ಅಲ್ಲಿ ಹೊಸದಾಗಿ ತೆರೆದಿದ್ದ ಸೂಪರ್ ಮಾರ್ಕೆಟ್ಟಿಗೆ ಹೊಕ್ಕು ಆ ಡಬ್ಬಿ ತಂದ. ಜೊತೆಗೆ ಹಾಲಿಲ್ಲದ ಬಿಸ್ಕತ್ತು. ಸಾಮಾನೆಲ್ಲ ಬಿಚ್ಚಿಟ್ಟಿರುತ್ತಾರೆ, ನಮಗೆ ಬೇಕಾದ್ದನ್ನು ನಾವೇ ಕೈಯಾರೆ ತೆಗೆದುಕೊಳ್ಳಬಹುದು ಎಂದು ಅವನು ಹೇಳುತ್ತಿದ್ದರೆ ನಾವೆಲ್ಲ ಬಾಯಿಬಿಟ್ಟುಕೊಂಡು ಕೇಳಿದೆವು.

ಆ ಡಬ್ಬಿಯನ್ನು ನಾವು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಕಾಫಿಗೆ ಹಾಕಿದರೆ ಒಡೆದು ತುಣುಕು ತುಣುಕಾಗಿ ತೇಲಿತು. ಪಾಯಸ ಮಾಡಿದರೆ ಹಸಿ ಅವರೆಯ ವಾಸನೆ. ಇದಕ್ಕೆ ಹಾಲಿನ ಯೋಗ್ಯತೆ ಇದೆಯೋ ನೋಡೋಣ ಎಂದು ಅತ್ತೆ ಹೆಪ್ಪು ಹಾಕಿ ಇಟ್ಟರು. ಬೆಳಿಗ್ಗೆ ನೀರು ಬೇರೆ, ಗಡ್ಡೆ ಬೇರೆ. ಅವರಿಗೆ ಪರೀಕ್ಷೆಯಲ್ಲಿ ಗೆದ್ದಷ್ಟು ಖುಷಿ. ಕಾಳಿನ ಹಾಲು ಎಂದು ಹೆಸರಿಟ್ಟರು, ನಿನ್ನ ಬಟ್ಟಲನ್ನು ಬೇರೆ ಇಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನೀನೂ ನಗುತ್ತಿದ್ದೆ. ಸದ್ಯ, ಕುಡಿಯಲು ಏನೋ ಒಂದು ಸಿಕ್ಕಿತಲ್ಲ ಎಂಬ ನಗೆ.

ಈಗ ನನ್ನ ಹೊಟ್ಟೆಯ ವಿಷಯ. ಮದುವೆಯಾಗಿ ಬಂದ ಸಂಜೆಯಿಂದ ಆ ಪ್ರಸಾದದ ಹಾಲು ನನಗೂ ಆಗುತ್ತಿರಲಿಲ್ಲ. ಕುಡಿದ ಸ್ವಲ್ಪ ಹೊತ್ತಿಗೆ ಕರುಳು ಹಿಂಡಿದಂತಾಗಿ ಹಿತ್ತಲಿಗೆ ಓಡಬೇಕು. ಮುಖ ತೊಳೆದು, ಸೆರಗು ಸರಿಮಾಡಿ, ಏನೂ ಆಗದವಳ ಹಾಗೆ ಒಲೆಯ ಮುಂದೆ ಕೂರಬೇಕು. ಹಿರಿಸೊಸೆ ಯಾವತ್ತೂ ಯಾವುದಕ್ಕೂ ಕೊಸರಾಡಿದವಳಲ್ಲ ಎಂದು ಅತ್ತೆ ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಆ ಮನೆಯಲ್ಲಿ ನನಗಿದ್ದ ಆಸ್ತಿ ಅದೊಂದೇ. ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ಸಂಪಾದಿಸಿದ್ದು. ನೀನು ಒಂದು ಮಾತಿನಲ್ಲಿ ತಪ್ಪಿಸಿಕೊಂಡೆ. ಗಂಡ ಡಬ್ಬಿ ಹೊತ್ತು ತಂದ. ನನಗೆ ಉರಿಯದೆ ಇರುತ್ತದೆಯೇ?

ನನ್ನ ಈ ಗುಟ್ಟನ್ನು ಕಂಡುಹಿಡಿದವಳು ನೀನೊಬ್ಬಳೇ. ಒಂದು ಸಂಜೆ ಹಿತ್ತಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಮೆಲ್ಲಗೆ ಹೇಳಿದೆ. “ಅಕ್ಕಾ, ನಿಮಗೂ ಹಾಲು ಆಗಲ್ಲ ಅಲ್ವಾ? ನನ್ನ ಡಬ್ಬೀದು ಕುಡಿದು ನೋಡಿ. ನಾನು ಯಾರಿಗೂ ಹೇಳಲ್ಲ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಅದು ನನಗೆ ಆಗಲೂ ಗೊತ್ತಿತ್ತು — ಅದಕ್ಕೇ ತಡೆಯಲಾಗಲಿಲ್ಲ. ನಿನ್ನ ರೋಗ ನನಗೆ ಅಂಟಿಸಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಅಂದು ಒಳಗೆ ಬಂದೆ. ಮಾರನೆಯ ದಿನ, ನೀನು ಬಟ್ಟೆ ಒಗೆಯಲು ಕೂತಿದ್ದಾಗ, ಅದೇ ಡಬ್ಬಿಯಿಂದ ಪುಡಿ ಕದ್ದು ಬಿಸಿನೀರಿನಲ್ಲಿ ಕಲಸಿ ಕುಡಿದೆ. ಸಂಜೆ ಅತ್ತೆ ಆ ಕಡೆ ತಿರುಗಿದಾಗ ಪ್ರಸಾದದ ಹಾಲನ್ನು ಬಚ್ಚಲಿಗೆ ಸುರಿದೆ. ಮದುವೆಯಾದ ಮೇಲೆ ಮೊದಲ ಸಲ ಹೊಟ್ಟೆ ಸುಮ್ಮನಿತ್ತು. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಅದೇ ಚಾಳಿಯಾಯಿತು.

ಪುಡಿ ಇಳಿಯುತ್ತ ಬಂತು. ಮೈದುನ ಮತ್ತೆ ದಾವಣಗೆರೆಗೆ ಹೋಗುವುದು ಇನ್ನೂ ದೂರವಿತ್ತು. ಆಗ ಕಿರಾಣಿ ಅಂಗಡಿಯ ಹಾಲಿನ ಪುಡಿ ತಂದು ಸುರಿದೆ. ಬಣ್ಣ ತೀರ ಬೆಳ್ಳಗೆ ಕಂಡಿತೆಂದು ಹುರಿಗಡಲೆ ಹಿಟ್ಟು ಬೆರೆಸಿ, ವಾಸನೆ ನೋಡಿ, ಮತ್ತೆ ಬೆರೆಸಿ, ಸರಿ ಮಾಡಿದೆ. ಇಷ್ಟು ಆಸ್ಥೆಯಿಂದ ನಾನು ಆ ಮನೆಯಲ್ಲಿ ಯಾವ ಅಡುಗೆಯನ್ನೂ ಮಾಡಿರಲಿಲ್ಲ. ಅಂದಿನಿಂದ ನಾನು ಮತ್ತೆ ಪ್ರಸಾದದ ಹಾಲಿಗೇ ಮರಳಿದೆ.

ಕದ್ದದ್ದನ್ನು ಮುಚ್ಚಲು ಹಾಗೆ ಮಾಡಿದೆ ಎಂದು ವರ್ಷಾನುಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮುಚ್ಚುವುದೇ ಆಗಿದ್ದರೆ ಬರೀ ಹುರಿಗಡಲೆ ಹಿಟ್ಟು ಸಾಕಿತ್ತಲ್ಲ? ನನಗೆ ನೀನು ಓಡುವುದನ್ನು ನೋಡಬೇಕಿತ್ತು. ನೋಡಿದೆ. ನೀನು ಹೊಟ್ಟೆ ಹಿಡಿದು ಹಿತ್ತಲಿಗೆ ಓಡುವಾಗ ನಾನು ಹೊಸಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ. ದಾರಿ ಬಿಡಲು ಕೂಡ ಏಳುತ್ತಿರಲಿಲ್ಲ. ನೀನು ಸೊರಗಿದೆ. ಕಾಳಿನ ಹಾಲು ಕುಡಿದರೂ ಹೊಟ್ಟೆನೋವೇ ಎಂದು ಅತ್ತೆ ಗೊಣಗತೊಡಗಿದರು.

ಆಮೇಲೆ ಆ ದಿನ ಬಂತು. ಮನೆಯಲ್ಲಿ ಅಯ್ಯನವರ ಪೂಜೆ, ಬಂಧುಬಳಗವೆಲ್ಲ ನೆರೆದಿತ್ತು. ಪ್ರಸಾದದ ಜೊತೆ ನಿನ್ನ ಬಟ್ಟಲನ್ನು ಕಲಸಿ ಕೊಟ್ಟವಳು ನಾನೇ, ಅಂದು ಪುಡಿಯನ್ನು ತುಸು ಹೆಚ್ಚೇ ಹಾಕಿದ್ದೆ. ನೀನು ಪಂಕ್ತಿಗೆ ಬಡಿಸುತ್ತಿದ್ದೆ. ನಡುವೆ ನಿಂತುಬಿಟ್ಟೆ. ಸೌಟು ಬಿಟ್ಟು ಓಡಿದೆ — ಹಿತ್ತಲ ಬಾಗಿಲವರೆಗೂ ಹೋಗಲು ಆಗಲಿಲ್ಲ. ಎಲ್ಲರ ಮುಂದೆ ಸೀರೆ ಹೊಲಸಾಯಿತು. ಉಣ್ಣುತ್ತಿದ್ದವರು ಎಲೆ ಬಿಟ್ಟು ಎದ್ದರು. ಯಾವಳೋ ಒಬ್ಬಳು ಕಿಸಕ್ಕನೆ ನಕ್ಕಳು. ನೀನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ನಾನು ನಿನ್ನ ಹತ್ತಿರ ಬರಲಿಲ್ಲ.

ಅತ್ತೆ ಕ್ರೂರಿಯಾಗಿರಲಿಲ್ಲ, ಗಿರಿಜಾ. ಅಷ್ಟು ಸಿಟ್ಟಿನಲ್ಲೂ ನನ್ನನ್ನು ಕರೆದು ಎಲ್ಲರೆದುರು ಕೇಳಿದರು. “ನೀಲಾ, ಡಬ್ಬಿ ನಿನ್ನ ಕೈಯಾಗೆ ಇರ್ತೈತಿ. ಖರೇ ಹೇಳು, ಅದ್ರಾಗೆ ಹಾಲು ಏನಾರ ಸೇರೈತಾ?”

ಇಡೀ ಮನೆ ನನ್ನ ಬಾಯಿ ನೋಡುತ್ತಿತ್ತು. ಹೂಂ ಅಂದಿದ್ದರೆ ಸಾಕಿತ್ತು. ನಾನಂದೆ — “ಏನೂ ಸೇರಿಲ್ಲ ಅತ್ತಿ. ಆಕಿಗೆ ಒಗ್ಗದಿರೋದು ಹಾಲಲ್ಲ, ಈ ಮನಿ.”

ಅದರ ಮೇಲೆ ಯಾರೂ ಏನೂ ಕೇಳಲಿಲ್ಲ. ಪ್ರಸಾದ ತಪ್ಪಿಸಿಕೊಳ್ಳಲು ರೋಗದ ನಾಟಕ ಆಡಿದಳು, ಮನೆಯ ಮರ್ಯಾದೆ ಕಳೆದಳು ಎಂದು ತೀರ್ಮಾನವಾಯಿತು. ನಿನ್ನ ಅಪ್ಪ ಬಂದು ಕೈಮುಗಿದುಕೊಂಡು ನಿಂತರು. ಬುದ್ಧಿ ಬರುವವರೆಗೆ ತವರಿನಲ್ಲಿರಲಿ ಎಂದು ಕಳಿಸಿದರು. ಆಮೇಲೆ ಹಿರಿಯರು ಕೂತು ಮದುವೆಯ ಬಿಡುಗಡೆ ಮಾಡಿದರು. ಮೈದುನನಿಗೆ ಬೇರೆ ಮದುವೆಯಾಯಿತು. ಅಂದು ಅಪ್ಪನ ಜೊತೆ ಹೊರಡುವಾಗ ನೀನು ನನ್ನ ಕಾಲಿಗೆ ನಮಸ್ಕಾರ ಮಾಡಿದೆ. “ಡಬ್ಬಿ ಇಲ್ಲೇ ಇಟ್ಟಿದೀನಿ ಅಕ್ಕಾ, ನಿಮಗೆ ಬೇಕಾಗ್ತದೆ,” ಎಂದು ಹೇಳಿ ಹೋದೆ.

ಅದನ್ನು ನಾನು ಕುಡಿದೆ. ನಾಚಿಕೆಗೆಟ್ಟವಳು, ಬೆರೆಸಿದ್ದು ಗೊತ್ತಿದ್ದೂ ಕುಡಿದೆ. ನಾನೇ ಬೆರೆಸಿದ ಪುಡಿ ನನ್ನ ಕರುಳನ್ನು ಹಿಂಡಿತು. ನಿನಗೆ ಕೊಟ್ಟದ್ದು ಎಂಥದ್ದೆಂದು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಸರಿಯಾಗಿ ತಿಳಿದುಕೊಂಡೆ. ಆಗಲಾದರೂ ಎದ್ದು ಬಂದು ಹೇಳಬಹುದಿತ್ತು. ಉಳಿದದ್ದನ್ನು ಬೂದಿಗುಂಡಿಗೆ ಸುರಿದು, ಡಬ್ಬಿ ತೊಳೆದು, ಜೀರಿಗೆ ತುಂಬಿಟ್ಟೆ.

ಈಗ ನಮ್ಮ ಊರಿನಲ್ಲೇ ಸೂಪರ್ ಮಾರ್ಕೆಟ್ ಇದೆ. ಹಾಲು ಒಗ್ಗದವರಿಗೆಂದೇ ಒಂದು ಸಾಲು — ಸೋಯಾದ್ದು, ಬಾದಾಮಿಯದ್ದು, ಓಟ್ಸಿನದ್ದು. ನನ್ನ ಮೊಮ್ಮಗಳಿಗೂ ಹಾಲು ಆಗುವುದಿಲ್ಲ. ಮನೆಯವರೆಲ್ಲ ಒಂದೊಂದು ಪೊಟ್ಟಣ ತಂದು, ಇದು ರುಚಿ, ಅದು ಸಪ್ಪೆ ಎಂದು ಆಡಿಕೊಂಡು ಕುಡಿಯುತ್ತಾರೆ. ಮೊನ್ನೆ ಅವಳು ಒಂದು ಲೋಟ ನನ್ನ ಕೈಗೂ ಕೊಟ್ಟು, ಕುಡಿದು ನೋಡು ಅಜ್ಜಿ ಎಂದಳು. ನಿನ್ನದೇ ಮಾತು. ಲೋಟ ಕೆಳಗಿಟ್ಟೆ. ಮೈದುನ ಅಲ್ಲೇ ಕೂತಿದ್ದ. ಮೊಮ್ಮಗಳು ನೋಡುತ್ತಿದ್ದ ಹಾಗೆಯೇ ಎಲ್ಲವನ್ನೂ ಅವನಿಗೆ ಹೇಳಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹೀಗೆ ಅಂದ. “ಡಬ್ಬಿ ರುಚಿ ಬ್ಯಾರೆ ಆಗೈತಿ, ಏನೋ ಬೆರೆಸ್ತಾರೆ ಅಂತ ಆಕಿ ನಂಗೆ ಹೇಳಿದ್ಲು ಅತ್ತಿಗಿ. ಯಾರು ಅಂತ ಕೇಳ್ದೆ, ಹೆಸರು ಹೇಳ್ಲಿಲ್ಲ. ಅದಕ್ಕೇ ಸುಳ್ಳು ಅಂದ್ಕೊಂಡೆ.”

ಯಾರಿಗೂ ಹೇಳಲ್ಲ ಎಂದು ಹಿತ್ತಲ ಬಾಗಿಲಲ್ಲಿ ಅಂದಿದ್ದೆಯಲ್ಲ. ನನ್ನ ಹೆಸರು ಹೇಳಿದರೆ ನನ್ನ ಹೊಟ್ಟೆಯ ಗುಟ್ಟೂ ಹೊರಬೀಳುತ್ತದೆಂದು — ಅದಕ್ಕೇ ಹೇಳದೆ ಬಿಟ್ಟೆಯೇನು? ಕೇಳಲು ನನಗೆ ಮುಖವಿಲ್ಲ.

ನೀನು ಅಣ್ಣನ ಮನೆಯಲ್ಲೇ ಇದ್ದೀಯಂತೆ. ರೋಗದವಳೆಂದು ಗಂಡ ಬಿಟ್ಟ ಎಂಬ ಮಾತು ಆ ಊರಿನಲ್ಲಿ ಇನ್ನೂ ಇದೆಯಂತೆ. ನಾಳೆ ಸೊರಬದ ಬಸ್ಸು ಹತ್ತುತ್ತೇನೆ. ನೀನು ಬಾಗಿಲು ತೆರೆಯಬೇಕಾಗಿಲ್ಲ, ಮುಖ ತೋರಿಸಬೇಕಾಗಿಲ್ಲ. ಅಂದು ನೀನು ಹೇಳದೆ ಬಿಟ್ಟ ಹೆಸರನ್ನು ನಿನ್ನ ಓಣಿಯವರೆಲ್ಲ ಕೇಳುವ ಹಾಗೆ, ಹೊರಗೆ ನಿಂತು, ನಾನೇ ಹೇಳುತ್ತೇನೆ.