ಮಲ್ಲೇನಾಳ ಮೊದಲ ಪೀಪಾಯಿ

ಗಂಡ ಇರುವಷ್ಟು ಕಾಲ ಮಲ್ಲೇನಾ ದ್ರಾಕ್ಷಿ ಕೊಯ್ದಳು, ಬುಟ್ಟಿ ಹೊತ್ತಳು, ಪೀಪಾಯಿ ತೊಳೆದಳು. ವೈನ್ ಹೇಗಿದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಇಟಲಿಯ ಸಾರ್ಡಿನಿಯಾ ದ್ವೀಪದ ಆ ಬೆಟ್ಟದ ಊರಿನಲ್ಲಿ ಅದು ಗಂಡಸರ ಬಾಯಿಯ ಮಾತು. ನಲವತ್ತು ವರ್ಷ ಕಣ್ಣಲ್ಲೇ ಕಲಿತವಳು, ಗಂಡ ತೀರಿದ ವರ್ಷ ಕನ್ನೊನಾವು ಎಂಬ ಕಪ್ಪು ದ್ರಾಕ್ಷಿಯನ್ನು ತಾನೇ ತುಳಿದು, ತಾನೇ ಪೀಪಾಯಿ ತುಂಬಿದಳು.

ಮೈದುನ ಬಾಕಿಸ್‌ಗೆ ಅದು ಹಿಡಿಸಲಿಲ್ಲ. ತೋಟದಲ್ಲಿ ಅರ್ಧ ಪಾಲು ಅವನದು. “ನೋಡು ಅತ್ತಿಗೆ, ನೆರೆಯವರು ಕುಡಿದು ಒಪ್ಪಿದ್ರೆ ತೋಟ ನಿನ್ ಕೈಲೇ ಇರ್ಲಿ. ಇಲ್ದಿದ್ರೆ ಬಳ್ಳಿ ಕಿತ್ತು ಕುರಿ ಬಿಡ್ತೀನಿ” ಎಂದಿದ್ದ. ಅವಳು ಆಗಲಿ ಎಂದಿದ್ದಳು.

ನವೆಂಬರಿನ ಒಂದು ಭಾನುವಾರ, ಇಗರ್ಜಿಯಿಂದ ನೇರ, ಬಾಕಿಸ್ ಮೂವರನ್ನು ಕರೆದುಕೊಂಡು ಅವಳ ನೆಲಮಾಳಿಗೆಗೆ ಇಳಿದ. ಇಬ್ಬರು ಪಕ್ಕದ ತೋಟದವರು. ಮೂರನೆಯವನು ಮಿಯಾಲಜ್ಜ, ಊರಿನ ಪೀಪಾಯಿಗಳೆಲ್ಲ ಅವನ ನಾಲಿಗೆಗೆ ಹೆದರುತ್ತಿದ್ದವು. ಕುಡಿದವನು ಎರಡನೆಯ ಸಲ ಲೋಟ ಚಾಚಿದರೆ ಒಪ್ಪಿಗೆ, ಬೋರಲು ಹಾಕಿದರೆ ತೀರಿತು.

ಸೊಸೆ ರಿಮೇದಿಯಾ ಕರಾವಳಿಯವಳು, ಬಂದು ಆರು ತಿಂಗಳು. ಕುರಿಹಾಲಿನ ಚೀಸಿನ ಪಕ್ಕ ಒಂದು ತಟ್ಟೆ ತುಂಬ ಹಸಿ ಸೋಂಪಿನ ಗೆಡ್ಡೆ ಸೀಳಿ ತಂದಿಟ್ಟಳು.

ಗಂಡಸರು ತಟ್ಟೆ ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋಂಪು ಅಗಿದ ನಾಲಿಗೆಗೆ ಹಳಸಿದ ವೈನೂ ಸಿಹಿ. ಮೋಸದ ವ್ಯಾಪಾರಿಗಳು ಮೊದಲು ಸೋಂಪು ತಿನ್ನಿಸಿ ಆಮೇಲೆ ವೈನ್ ಸುರಿಯುವುದು ಬೆಟ್ಟದ ಮೇಲೆ ಎಲ್ಲರಿಗೂ ಗೊತ್ತು. ಕರಾವಳಿಯ ಸೊಸೆಗೆ ಅದು ಬರೀ ಬಾಯಾಡಿಸುವ ತಿಂಡಿ.

“ಏನವ್ವಾ ಮಲ್ಲೇನಾ, ನಮ್ ನಾಲಿಗೇನ ಕಟ್ಟಿ ಹಾಕ್ತೀಯಾ?” ಎಂದ ಮಿಯಾಲಜ್ಜ.

“ನಾನ್ ಹೇಳ್ಲಿಲ್ವಾ?” ಬಾಕಿಸ್ ಮೀಸೆಯಡಿ ನಕ್ಕ. “ಕುಡಿಯೋ ಮೊದ್ಲೇ ಗೊತ್ತಾಯ್ತು.”

ಸೊಸೆಯ ಮುಖ ಸುಟ್ಟ ಬದನೆಕಾಯಿಯಾಯಿತು. “ಅತ್ತೆ, ನಾನು...” ಮಲ್ಲೇನಾ ಅವಳ ಭುಜ ಒತ್ತಿದಳು. ತಪ್ಪು ಸೊಸೆಯದು ಎಂದರೆ ನಂಬುವವರು ಯಾರು? ನೆಪ ಹುಡುಕುತ್ತಾಳೆ ಎನ್ನುತ್ತಿದ್ದರು. ಸೋಂಪಿನ ತಟ್ಟೆ ಎತ್ತಿದಳು. ಒಂದು ಗಳಿಗೆ ನಿಂತು, ಚೀಸಿನ ತಟ್ಟೆಯನ್ನೂ ಎತ್ತಿದಳು. ಚೀಸ್ ಕೂಡ ವೈನಿನ ಕುಂದು ಮುಚ್ಚುವುದೇ. ಆ ಚೀಸನ್ನೇ ನಂಬಿಕೊಂಡಿದ್ದವಳು ಅವಳು. ತನ್ನ ವೈನ್ ನಾಲಿಗೆ ಕಚ್ಚುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

“ನೀರಲ್ಲಿ ಬಾಯಿ ಮುಕ್ಕಳಿಸಿ. ಬರೀ ವೈನ್ ಕುಡೀರಿ.”

ಸುರಿದಳು. ಮಿಯಾಲಜ್ಜ ಮೂಸಿದ, ಗುಟುಕು ತೆಗೆದುಕೊಂಡು ದವಡೆಯಲ್ಲಿ ಹೊರಳಿಸಿದ, ನುಂಗಿದ.

“ಹಳಸಿಲ್ಲ. ಆದ್ರೆ ಒಗರು. ಕಚ್ತದೆ.”

ಬಾಕಿಸ್ ಲೋಟ ಬೋರಲು ಹಾಕಲು ಕೈ ತಿರುಗಿಸಿದ.

“ತಡಿ” ಎಂದಳು ಮಲ್ಲೇನಾ. “ಕಚ್ತದೆ, ಇಲ್ಲ ಅನ್ನಲ್ಲ. ರಸಾನ ಸಿಪ್ಪೆ ಜೊತೆ ಮೂರ್ ದಿನ ಹೆಚ್ಗೆ ಬಿಟ್ಟೆ. ಮುದಿ ಕುರಿ ಮಾಂಸಕ್ಕೆ ಅಂತ್ಲೇ ಬಿಟ್ಟೆ. ಈ ಊರಲ್ಲಿ ಹೂಕೋಸು ತಿಂದ್ಕೊಂಡು ವೈನ್ ಕುಡಿಯೋ ಗಂಡಸ್ರು ಯಾರಿದೀರಿ?”

ಪಕ್ಕದ ತೋಟದವನೊಬ್ಬ ಕಿಸಕ್ಕೆಂದ. ಅವಳು ಮೆಟ್ಟಿಲು ಹತ್ತಿ ಹೋಗಿ, ಒಲೆಯ ಮೇಲಿಂದ ಮನೆಯವರ ಊಟದ ಪಾತ್ರೆಯನ್ನೇ ಇಳಿಸಿ ತಂದಳು: ಆಲೂಗಡ್ಡೆ, ಈರುಳ್ಳಿಯ ಜೊತೆ ಬೆಳಗಿನಿಂದ ಬೆಂದ ಕುರಿಮಾಂಸ, ಮೇಲೆ ಬೆರಳಷ್ಟು ಕೊಬ್ಬು. ಹಪ್ಪಳದಂಥ ಒಣರೊಟ್ಟಿ ಮುರಿದು ಮಾಂಸ ಬಡಿಸಿದಳು.

ಮಿಯಾಲಜ್ಜ ಕೊಬ್ಬಿನ ತುಂಡು ಅಗಿದು, ಅದರ ಮೇಲೆ ಉಳಿದ ವೈನ್ ಕುಡಿದ. ಕಣ್ಣು ಮುಚ್ಚಿದ. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಮಲ್ಲೇನಾ ಸೌಟನ್ನು ಮುರಿಯುವಂತೆ ಹಿಡಿದಿದ್ದಳು.

“ಒಗರು ಎಲ್ಹೋಯ್ತು?” ಎಂದ ಮುದುಕ. “ಕೊಬ್ಬು ಅದನ್ನ ತಿಂದ್ಹಾಕ್ತು. ಈಗ ಹಣ್ಣು ಬಂತು ನೋಡು ಬಾಯಿಗೆ.” ಲೋಟ ಚಾಚಿದ. ಪಕ್ಕದವರಿಬ್ಬರೂ ಚಾಚಿದರು.

ಬಾಕಿಸ್ ತಲೆ ಬಗ್ಗಿಸಿ ಎಲುಬು ಚೀಪುತ್ತಲೇ ಇದ್ದ. ಕೊನೆಗೆ, ಅವಳ ಮುಖ ನೋಡದೆ, ಲೋಟವನ್ನು ಮೇಜಿನ ಮೇಲೆ ಅವಳತ್ತ ತಳ್ಳಿದ. ಅವಳು ಅಂಚಿನವರೆಗೆ ತುಂಬಿದಳು.

“ಮಾರ್ಚಲ್ಲಿ ಬಳ್ಳಿ ಸಾಲು ಉಳೋಕೆ ನನ್ ಎತ್ತು ಬೇಕಾದ್ರೆ ಮೊದ್ಲೇ ಹೇಳು” ಎಂದು ಗೊಣಗಿದ.

“ಎತ್ತು ಕಳ್ಸು. ನೀನ್ ಬರ್ಬೇಡ. ಹೋದ್ ವರ್ಷ ಆರು ಬಳ್ಳಿ ಬುಡಸಮೇತ ಎಬ್ಸಿದ್ದೀಯ.”