ಡ್ರಿಲ್ ಮಷಿನ್ ಯಾರ ಕೈಯಲ್ಲಿದೆ?

ನನ್ನ ಕನ್ನಡಕ ಎಲ್ಲಿದೆ ಎಂಬುದು ದಿನಕ್ಕೆ ಮೂರು ಸಲವಾದರೂ ನನಗೆ ಗೊತ್ತಿರುವುದಿಲ್ಲ. ಅಂಥವಳಿಗೆ ನಮ್ಮ ಪ್ರಾಂಶುಪಾಲರು ಇಡೀ ವರ್ಕ್‌ಶಾಪಿನ ಸಾಮಾನುಗಳ ಲೆಕ್ಕ ಒಪ್ಪಿಸಿದರು. ದೇವರಿಗೂ ನಗು ಬಂದಿರಬೇಕು.

ಹಗರಿಬೊಮ್ಮನಹಳ್ಳಿಯ ನಮ್ಮ ತರಬೇತಿ ಕೇಂದ್ರದಲ್ಲಿ ಅಲ್ಲಿಯವರೆಗೆ ದಾಖಲೆ ಎಂದರೆ ಅಟೆಂಡರ್ ಕೊಟ್ರಪ್ಪ. ಇಟ್ಟಿಗಿಯಿಂದ ಬೆಳಗಿನ ಬಸ್ಸಿಗೆ ಬರುವ ಮನುಷ್ಯ. ಯಾವ ಸ್ಪ್ಯಾನರ್ ಯಾರ ಹತ್ತಿರ ಹೋಗಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದರು. ಆದರೆ ಅವರು ಈ ಅಕ್ಟೋಬರ್ ಕೊನೆಗೆ ನಿವೃತ್ತರಾಗುವವರು. ತಲೆಯನ್ನು ಯಾರಿಗೂ ಚಾರ್ಜ್ ಕೊಟ್ಟು ಹೋಗಲು ಬರುವುದಿಲ್ಲವಲ್ಲ! ಅದಕ್ಕೇ ನನಗೆ ಒಂದು ಪದ್ಧತಿ ಹುಡುಕಲು ಹೇಳಿದ್ದು.

ಹುಡುಕಿದೆ. ನಂಬರಿನ ಚೀಟಿ ಅಂಟಿಸಿದೆ, ಎಣ್ಣೆ ತಾಗಿ ವಾರಕ್ಕೇ ಉದುರಿತು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡೋಣವೆಂದರೆ, ಗ್ರೀಸ್ ಕೈಗೆ ತನ್ನ ಫೋನ್ ಕೊಡಲು ಯಾರೂ ತಯಾರಿಲ್ಲ, ನಾನಂತೂ ಇಲ್ಲವೇ ಇಲ್ಲ. ಕೊನೆಗೆ ಕಂಪ್ಯೂಟರಿನಲ್ಲಿ ಹದಿನಾಲ್ಕು ಕಾಲಂನ ಹಾಳೆ ಮಾಡಿದೆ. ಹಿಂದಿನವರು ದಾನದ ಹೊಲದ ನಾಲ್ಕೂ ಎಲ್ಲೆಯನ್ನು ಕಲ್ಲಿನ ಮೇಲೆ ಕೊರೆದು, ಪಕ್ಕಕ್ಕೆ ಸೂರ್ಯಚಂದ್ರರನ್ನು ಸಾಕ್ಷಿಗೆ ನಿಲ್ಲಿಸುತ್ತಿದ್ದರಂತೆ. ನನ್ನ ಹಾಳೆಯ ಗತ್ತೂ ಅಷ್ಟೇ ಇತ್ತು, ಸಾಕ್ಷಿ ಮಾತ್ರ ಇರಲಿಲ್ಲ.

ಎಲ್ಲ ಲೆಕ್ಕವೂ ಸರಿಹೋಯಿತು, ಒಂದು ಡ್ರಿಲ್ ಮಷಿನ್ ಮಾತ್ರ ಸಿಗಲಿಲ್ಲ. ನಾಲ್ಕು ಮಂದಿಯ ಮುಂದೆ ಕೊಟ್ರಪ್ಪನವರನ್ನು ಕೇಳಿದೆ. ಎಂದೂ ಏನನ್ನೂ ಮರೆಯದ ಮನುಷ್ಯ ನೆಲ ನೋಡುತ್ತಾ, “ನೆನಪಿಲ್ರಿ ಮೇಡಂ” ಎಂದರು. ಅದು ಸಿಗುವವರೆಗೆ ಅವರ ಪಿಂಚಣಿ ಕಾಗದ ಮೇಲಕ್ಕೆ ಹೋಗುವುದಿಲ್ಲ ಎಂದರು ಪ್ರಾಂಶುಪಾಲರು. “ಕಾಣೆಯಾಗಿದೆ, ಜವಾಬ್ದಾರರು ಕೊಟ್ರಪ್ಪ” ಎಂದು ನಾನೇ ಟೈಪ್ ಮಾಡಿದೆ. ಅಷ್ಟು ವರ್ಷ ಒಂದು ಮಾತು ಅನ್ನಿಸಿಕೊಳ್ಳದವರು ಅವತ್ತು ಬುತ್ತಿ ಬಿಚ್ಚಲೇ ಇಲ್ಲ. ನನಗೆ ಕೆಟ್ಟದೆನಿಸಿತು. ಆದರೆ ನಿಜ ಹೇಳಿಬಿಡುತ್ತೇನೆ, ಬರೀ ನೆನಪನ್ನು ನಂಬಿದರೆ ಹೀಗೇ ಆಗುವುದು ಎಂದು ಒಳಗೊಳಗೇ ಸ್ವಲ್ಪ ಬೀಗಿದ್ದೂ ಉಂಟು.

ಆಮೇಲೆ ಆಯುಧಪೂಜೆ ಬಂತು. ನಮ್ಮ ಅತ್ತೆಯ ಕಟ್ಟಪ್ಪಣೆ: “ಮನಿಯಾಗ ಕಬ್ಬಿಣದ್ದು ಏನೈತಿ ಎಲ್ಲಾ ತೊಳದು ಇಡ್ರಿ, ಒಂದೂ ಬಿಡಬ್ಯಾಡ್ರಿ.” ಇಷ್ಟು ಕಟ್ಟುನಿಟ್ಟಿನ ತಪಾಸಣೆ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಈಳಿಗೆ, ಕುಡುಗೋಲು, ಕತ್ತರಿ ಸಾಲಾಗಿ ಕೂತವು. ನಮ್ಮ ಮನೆಯವರು ಅಟ್ಟದಿಂದ ಒಂದು ಚೀಲ ಇಳಿಸಿದರು. ಒಳಗೆ ಡ್ರಿಲ್ ಮಷಿನ್! ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ನಮ್ಮ ಕೇಂದ್ರದ ಹೆಸರು.

ಆಗ ನೆನಪಾಯಿತು. ಬೇಸಿಗೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿ ಕೂರಿಸಬೇಕೆಂದು ಮಷಿನ್ ತಂದವಳು ನಾನೇ. ಕಂಬಿ ಕೂತಿತು, ಮಷಿನ್ ಅಟ್ಟ ಸೇರಿತು, ನನ್ನ ತಲೆ ತೊಳೆದಿಟ್ಟಂತೆ ಖಾಲಿಯಾಯಿತು.

ಮರುದಿನ ವಿಜಯದಶಮಿ, ಬನ್ನಿ ಕೊಡುವ ದಿನ. ಮಷಿನ್ ಚೀಲಕ್ಕೆ ಹಾಕಿಕೊಂಡು ಇಟ್ಟಿಗಿಗೆ ಹೋದೆ. ಬನ್ನಿ ಕೊಟ್ಟು ಕಾಲು ಮುಟ್ಟಲು ಬಾಗಿದರೆ ಕೊಟ್ರಪ್ಪ ಗಾಬರಿಯಿಂದ ಹಿಂದೆ ಸರಿದರು.

“ಅಯ್ಯ, ಏನ್ ಮಾಡ್ತೀರಿ ಮೇಡಂ!”

ಚೀಲ ಬಿಚ್ಚಿ ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ನಿಮಗೆ ಗೊತ್ತಿತ್ತಾ ಕೊಟ್ರಪ್ಪಣ್ಣ?”

“ನಾನ ಅಲ್ಲೇನ್ರಿ ಕೊಟ್ಟಿದ್ದು? ಅವತ್ತು ನೀವು ಅಳಕಂತ ಬಂದಿದ್ರಿ. ಸಹಿ ಮಾಡ್ರಿ ಅಂತ ಹೆಂಗ ಕೇಳ್ಲಿ?”

“ಆಮೇಲಾದರೂ ಹೇಳಬಹುದಿತ್ತಲ್ಲ!”

“ನಾಕು ಮಂದಿ ಮುಂದ ನಿಮ್ಮ ಹೆಸರು ಹೇಳಾದೇನ್ರಿ? ನೀವಿನ್ನ ಅಲ್ಲೇ ಕೆಲಸ ಮಾಡೋರು. ನಾನು ಹೆಂಗೂ ಹೋಗಾವ.” ಆಮೇಲೆ ಕೇಳಿದರು, “ಅತ್ತಿಯವ್ರು ಈಗ ಕಂಬಿ ಹಿಡಕಂಡು ಅಡ್ಡಾಡ್ತಾರಿಲ್ರಿ?”

ಹೂಂ ಎಂದು ತಲೆಯಾಡಿಸಿದೆನಷ್ಟೆ.

ರಜೆ ಮುಗಿದ ದಿನ ಅದೇ ನಾಲ್ಕು ಮಂದಿಯ ಮುಂದೆ ಮಷಿನ್ ಮೇಜಿನ ಮೇಲಿಟ್ಟು ಹಾಳೆ ತೆರೆದೆ. ಕೊಟ್ರಪ್ಪ ಎಂದಿದ್ದುದನ್ನು ಅಳಿಸಿ ನನ್ನ ಹೆಸರು ಹಾಕಿದೆ. ಪ್ರಾಂಶುಪಾಲರು ನನ್ನನ್ನೊಮ್ಮೆ ನೋಡಿ, ಪಿಂಚಣಿ ಕಾಗದಕ್ಕೆ ಸಹಿ ಮಾಡಿದರು. ಕೊಟ್ರಪ್ಪ ಹತ್ತಿರ ಬಂದು ನನಗೊಬ್ಬಳಿಗೇ ಕೇಳುವಂತೆ, “ಸಣ್ಣ ಅಕ್ಷರದಾಗ ಬರೀರಿ ಮೇಡಂ” ಎಂದರು.

ನಾನು ಅಕ್ಷರವನ್ನು ಇನ್ನಷ್ಟು ದಪ್ಪ ಮಾಡಿದೆ.