ಅತ್ತೆಯ ಕತ್ತರಿ ಕೈ

ಅತ್ತೆ ದರ್ಜಿ. ಸೀಮೆಸುಣ್ಣದ ಗೆರೆ ಎಳೆದಳೆಂದರೆ ಬಟ್ಟೆ ಒಂದೇ ಏಟಿಗೆ ಎರಡಾಗಬೇಕು. ಆ ಬಲಗೈಯನ್ನು ಹಸುಗೂಸಿನ ಹಾಗೆ ಕಾಪಾಡಿಕೊಳ್ಳುತ್ತಾಳೆ: ಬಿಸಿ ಪಾತ್ರೆ ಮುಟ್ಟಿಸುವುದಿಲ್ಲ, ಭಾರದ ಚೀಲ ಹಿಡಿಸುವುದಿಲ್ಲ. ಅದಕ್ಕೆಲ್ಲ ಮಾವ ಇದ್ದಾರೆ.

ನಾನು ಆಸ್ಪತ್ರೆಯಲ್ಲಿ ರಕ್ತದ ಟ್ಯೂಬುಗಳನ್ನು ವಾರ್ಡಿನಿಂದ ಲ್ಯಾಬಿಗೆ ಹೊರುವವನು. ಮನೆಯವರ ಪಾಲಿಗೆ ಅರ್ಧ ಡಾಕ್ಟರು. ಉಳಿದರ್ಧ ಏನೆಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ವೈರಸ್ ಜ್ವರ ಶ್ವಾಸಕೋಶಕ್ಕಿಳಿದು ಅತ್ತೆ ನಮ್ಮ ವಾರ್ಡಿಗೇ ಸೇರಿದಾಗ ಎಲ್ಲರೂ ನನ್ನನ್ನೇ ಮುತ್ತಿಕೊಂಡರು. ಡಾಕ್ಟರು ಸಿಆರ್‌ಪಿ ಎಂಬ ರಕ್ತದ ಅಂಶದ ಮೇಲೆ ಕಣ್ಣಿಟ್ಟಿದ್ದರು. ಅದು ಏರುತ್ತಾ ಹೋದರೆ ಕಾಯಿಲೆ ಕೈಮೀರಬಹುದು, ಐಸಿಯುಗೆ ಸಾಗಿಸಬೇಕು ಎಂದಿದ್ದರು. ಮರುದಿನ ಅದು ಅರ್ಧಕ್ಕಿಳಿಯಿತು.

"ಅತ್ತೆ ಗೆದ್ಲು!" ಎಂದು ಕಾರಿಡಾರಿನಲ್ಲಿ ಸಾರಿದವನು ನಾನೇ. ಮಾವ ನೆಂಟರಿಗೆಲ್ಲ ಫೋನು ಹಚ್ಚಿದರು. ಒಳಗೆ ಹೋಗಿ ನೋಡಿದರೆ ಗೆದ್ದವಳಿಗೆ ಒಂದು ಮಾತು ಮುಗಿಸಲೂ ಉಸಿರು ಸಾಲುತ್ತಿಲ್ಲ. ವರದಿಯ ಹಾಳೆಯನ್ನು ನಂಬಬೇಕೋ, ಅತ್ತೆಯನ್ನೋ? ತಲೆಬುಡ ತಿಳಿಯಲಿಲ್ಲ. ಆದರೂ ತಿಳಿದವನ ಮುಖ ಹೊತ್ತುಕೊಂಡೇ ಓಡಾಡಿದೆ.

ಡಾಕ್ಟರು ವರದಿ ನೋಡಿ ಹುಬ್ಬು ಗಂಟಿಕ್ಕಿದರು. "ಹಿಮೋಗ್ಲೋಬಿನ್ನೂ ಅರ್ಧ ಆಗಿದೆಯಲ್ಲ? ರಕ್ತ ಯಾವ ಕೈಯಿಂದ ತೆಗೆದ್ರಿ?"

ನರ್ಸಮ್ಮ ನಾಲಿಗೆ ಕಚ್ಚಿಕೊಂಡರು. "ಬಲಗೈ ಮುಟ್ಟೋಕೇ ಬಿಡಲಿಲ್ಲ ಸಾರ್. ಕತ್ತರಿ ಹಿಡಿಯೋ ಕೈಯಂತೆ. ಅದಕ್ಕೆ ಎಡಗೈಯಿಂದಾನೇ..."

ಎಡಗೈಗೆ ಡ್ರಿಪ್ ಏರುತ್ತಿತ್ತು. ಟ್ಯೂಬಿನಲ್ಲಿ ರಕ್ತದ ಜೊತೆ ಸಲೈನೂ ಸೇರಿಕೊಂಡು ಎಲ್ಲ ಸಂಖ್ಯೆಯನ್ನೂ ಅರ್ಧಕ್ಕಿಳಿಸಿತ್ತು. ನಾನು ಸಾರಿದ್ದು ಉಪ್ಪುನೀರಿನ ಗೆಲುವನ್ನು.

ಡಾಕ್ಟರೇ ನಿಂತು ಬಲಗೈಯಿಂದ ತೆಗೆಸಿದರು. ಸಿಆರ್‌ಪಿ ಮೊದಲಿಗಿಂತ ಮೇಲೇರಿತ್ತು. ಕೂಡಲೇ ಐಸಿಯುಗೆ ಸಾಗಿಸಿದರು.

"ಎಡಗೈ ಹುಷಾರು, ಬಲಗೈಗೆ ಕಾಯಿಲೆ. ಇದೆಂಥದೋ?" ಮಾವ ನನ್ನ ತೋಳು ಹಿಡಿದರು. "ಉಳೀತಾಳಾ, ಅದು ಹೇಳು."

ನಾನು ಡಾಕ್ಟರ ಮುಖ ನೋಡಿದೆ. "ಈ ಸಂಖ್ಯೆ ಎಚ್ಚರಿಸುತ್ತೆ, ಅಷ್ಟೇ. ಮುಂದಿನದನ್ನ ಖಚಿತವಾಗಿ ಹೇಳಲ್ಲ," ಎಂದರು ಅವರು. ಅವರಿಗೇ ಗೊತ್ತಿಲ್ಲದ್ದನ್ನು ನಾನು ಕಾರಿಡಾರಿನಲ್ಲಿ ಹಂಚಿದ್ದೆನಲ್ಲ!

ಕೆಲವು ದಿನ ಕಳೆದು ನಾನು ರಕ್ತದ ಟ್ಯೂಬು ತರಲು ಐಸಿಯುಗೆ ಹೋದಾಗ ಅತ್ತೆ ಹೊದಿಕೆಯೊಳಗಿಂದ ಬಲಗೈಯನ್ನು ತಾನೇ ನರ್ಸಮ್ಮನ ಮುಂದೆ ಚಾಚಿದ್ದಳು.

"ನಿನ್ನೆದು ಏನಾಯ್ತೋ?"

"ಸ್ವಲ್ಪ ಇಳಿದಿದೆ ಅತ್ತೆ."

"ಅಂದ್ರೆ?"

"ನನಗೆ ಗೊತ್ತಿಲ್ಲ. ಡಾಕ್ಟರನ್ನೇ ಕೇಳ್ಬೇಕು."

"ಅರ್ಧ ಡಾಕ್ಟರಂತೆ ಅರ್ಧ! ಕತ್ತರಿ ಕೈ ರಕ್ತ ಕಣೋ ಅದು, ಬೀಳಿಸದೆ ತಗೊಂಡು ಹೋಗು."

ಇಷ್ಟನ್ನೂ ಅವಳು ನಡುವೆ ಉಸಿರಿಗೆ ನಿಲ್ಲದೆ ಹೇಳಿದ್ದಳು. ಕಾರಿಡಾರಿನಲ್ಲಿ ಮಾವ ಎದ್ದು ನಿಂತರು. ನಾನು ಏನೂ ಸಾರಲಿಲ್ಲ. ಒಳಗೆ ಹೋಗಿ ಅವಳನ್ನೇ ಮಾತಾಡಿಸಿ ಎಂದು ಬಾಗಿಲು ತೋರಿಸಿದೆ.